ಆಪತ್ತಿನಲ್ಲಿ ಮೊಬೈಲಿನ ಲೆಕ್ಕ, ಊರಿನ ಲೆಕ್ಕ



1993ನೆಯ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಕಲ್ಲುಮಣ್ಣಿನ ಮನೆಗಳು ಕುಸಿದು 7,000ಕ್ಕೂ ಹೆಚ್ಚು ಜನರು ಮಡಿದರು. ನಮ್ಮ ಬೀದರ ಜಿಲ್ಲೆಯ ನೆಲವೂ ಅಂದು ನಡುಗಿತು. ಕೊಡಂಬಲದ ಹಿರಿಯರನ್ನು ಕೇಳಿ ನೋಡಿರಿ. ಆಗ ನಮ್ಮ ದೇಶದಲ್ಲಿ ಮೊಬೈಲ್ ಇರಲಿಲ್ಲ. ಬದುಕುಳಿದವರು ಎಲ್ಲಿಗೆ ಹೋದರೆಂಬುದನ್ನು ಊರೂರು ತಿರುಗಿ ಕೇಳಿಯೇ ತಿಳಿಯಬೇಕಿತ್ತು.

ಈಗ ಇನ್ನೊಂದು ಸಾಧನ ಒದಗಿದೆ. ನೀವು ಮಾತನಾಡಿದ ಕರೆ ಯಾವ ಟವರಿನ ಮೂಲಕ ಹೋಯಿತೆಂಬುದು ಕಂಪನಿಯಲ್ಲಿ ದಾಖಲಾಗುತ್ತದೆ. ಹೆಸರು, ನಂಬರುಗಳನ್ನು ತೆಗೆದುಹಾಕಿ, ಎಷ್ಟು ಫೋನುಗಳು ಯಾವ ಕಡೆಗೆ ಸರಿದವೆಂದು ಎಣಿಸಬಹುದು. ಸಂತೆಯ ದಿನ ದಾರಿಯಲ್ಲಿ ನಿಂತವನು ಹೆಸರು ಕೇಳದೆಯೇ ಎಷ್ಟು ಬಂಡಿಗಳು ಯಾವ ದಿಕ್ಕಿಗೆ ಹೋದವೆಂದು ಹೇಳಬಲ್ಲನಲ್ಲವೇ? ಇದೂ ಹಾಗೆಯೇ.

2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭೂಕಂಪವಾಯಿತು. ಆ ತಿಂಗಳು ಮುಗಿಯುವಷ್ಟರಲ್ಲಿ ಸುಮಾರು 6,30,000 ಜನರು ರಾಜಧಾನಿಯನ್ನು ಬಿಟ್ಟು ಹೋಗಿದ್ದರೆಂದು ಸಂಶೋಧಕರು ಸಿಮ್‌ಗಳ ಚಲನೆಯಿಂದ ಅಂದಾಜು ಮಾಡಿದರು. 2015ರ ಏಪ್ರಿಲಿನಲ್ಲಿ ನೇಪಾಳದಲ್ಲಿ ಭೂಕಂಪವಾದಾಗಲೂ, ಎನ್‌ಸೆಲ್ ಕಂಪನಿಯ ದಾಖಲೆಯಿಂದ ಫ್ಲೋಮೈಂಡರ್ ಎಂಬ ಸಂಸ್ಥೆ ಇಂಥದೇ ಲೆಕ್ಕವನ್ನು ತೆಗೆಯಿತು. ಜನ ಎಲ್ಲಿ ಸೇರಿದ್ದಾರೆಂದು ತಿಳಿದರೆ ಕಾಳು, ಔಷಧ, ಹೊದಿಕೆಗಳನ್ನು ಅಲ್ಲಿಗೇ ಕಳುಹಿಸಬಹುದು.

ಆದರೆ ಈ ಲೆಕ್ಕದಲ್ಲಿ ಕೊರತೆಯೂ ಉಂಟು. ಫೋನಿಲ್ಲದ ಮುದುಕಿ, ಕೂಸುಮಕ್ಕಳು ಇದರಲ್ಲಿ ಸೇರುವುದಿಲ್ಲ. ಐದು ಜನರ ಮನೆಯಲ್ಲಿ ಒಂದೇ ಫೋನಿರಬಹುದು. ಒಬ್ಬನ ಬಳಿ ಎರಡು ಸಿಮ್ ಇರಬಹುದು. ಕರೆಂಟು ಹೋಗಿ ಟವರು ನಿಂತರೆ ಆ ಊರಿನ ಲೆಕ್ಕವೇ ಸಿಗದು. ಆದಕಾರಣ ನಾವು ಮಾಡತಕ್ಕ ಕೆಲಸಗಳು ಇವು:

1. ಓಣಿಗೊಬ್ಬರು ಮುಂದಾಗಿ ಪ್ರತಿ ಮನೆಯ ಜನರ ಪಟ್ಟಿ ಬರೆಯಿರಿ. ಫೋನಿಲ್ಲದವರು, ವೃದ್ಧರು, ಬಾಣಂತಿಯರು, ಅಂಗವಿಕಲರನ್ನು ಗುರುತು ಮಾಡಿರಿ.

2. ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಡಿರಿ, ಇನ್ನೊಂದನ್ನು ಶಾಲೆಯಲ್ಲಿಡಿರಿ. ಪ್ರತಿ ವರ್ಷ ಮುಂಗಾರಿಗೆ ಮೊದಲು ತಿದ್ದಿರಿ.

3. ಪರವೂರಿನ ಒಬ್ಬ ನೆಂಟರ ನಂಬರನ್ನು ಕಾಗದದಲ್ಲಿ ಬರೆದಿಡಿರಿ. ಮನೆಯವರು ಚದುರಿದರೆ ಎಲ್ಲರೂ ಅವರಿಗೇ ತಿಳಿಸಲಿ.

4. ಈ ಎಣಿಕೆಗೆ ನಿಮ್ಮ ಓಟಿಪಿಯಾಗಲಿ, ಬ್ಯಾಂಕಿನ ವಿವರವಾಗಲಿ ಬೇಕಿಲ್ಲ. ಪರಿಹಾರದ ಹೆಸರಿನಲ್ಲಿ ಕೇಳುವವರಿಗೆ ಕೊಡಬೇಡಿರಿ.

ಟವರಿನ ಲೆಕ್ಕ ಎಷ್ಟು ಜನ ಎಲ್ಲಿಗೆ ಹೋದರೆಂಬುದನ್ನು ಹೇಳೀತು. ಕುಸಿದ ಮನೆಯೊಳಗೆ ಯಾರು ಉಳಿದಿದ್ದಾರೆಂಬುದನ್ನು ನೆರೆಮನೆಯವರೇ ಹೇಳಬೇಕು. ಬರುವ ಗ್ರಾಮಸಭೆಯಲ್ಲಿ ಈ ಪಟ್ಟಿಯ ಕೆಲಸವನ್ನು ಆರಂಭಿಸೋಣ.

— ಗ್ರಾಮಸೇವಕ, ಕೊಡಂಬಲ