ತಲೆಗೆ ಬಿದ್ದ ಪೆಟ್ಟು, ತಲೆ ಕಾಯುವ ಹೆಲ್ಮೆಟ್

ಸುಗ್ಗಿ ಮುಗಿದು ಕೆರೆ ಬತ್ತಿತೆಂದರೆ ನಮ್ಮ ಕಡೆ ಕೆರೆಯಂಗಳವೇ ಹುಡುಗರ ಮೈದಾನ. ಹಿಂದೆ ಅಲ್ಲಿ ಚಿಣ್ಣಿದಾಂಡು, ಕಬಡ್ಡಿ ನಡೆಯುತ್ತಿದ್ದವು. ಈಗ ಮೋಟಾರು ಬೈಕು ಬಂದಿದೆ. ದಿಬ್ಬ ಹತ್ತಿಸುವುದು, ಏರಿಯ ಮೇಲಿಂದ ಹಾರಿಸುವುದು, ಧೂಳಿನಲ್ಲಿ ಸುತ್ತು ಹೊಡೆಯುವುದು ಇವೇ ಆಟ. ಇದಕ್ಕೆಂದೇ ತಯಾರಾದ, ಎತ್ತರವೂ ಹಗುರವೂ ಆದ ಗಾಡಿಗೆ ಡರ್ಟ್ ಬೈಕ್ ಎಂದು ಹೆಸರು. ಅದು ಇಲ್ಲದವರು ಮನೆಯ ಗಾಡಿಯಲ್ಲೇ ಇದನ್ನೆಲ್ಲ ಮಾಡುತ್ತಾರೆ.

ಸಾಹಸ ತಪ್ಪಲ್ಲ. ಬೆಂಗಳೂರಿನವರಾದ ಸಿ. ಎಸ್. ಸಂತೋಷ್ ಅವರು 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರೆನಿಸಿದರು. ಜಗತ್ತಿನ ಅತಿ ಕಠಿಣ ಸವಾರಿಗಳಲ್ಲಿ ಅದೊಂದು. ಅದೇ ಸಂತೋಷ್ ಅವರು 2021ರ ಜನವರಿಯಲ್ಲಿ ಸೌದಿ ಅರೇಬಿಯದ ಮರಳಿನಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟು ಮಾಡಿಕೊಂಡರು. ವೈದ್ಯರು ಔಷಧದಿಂದ ಅವರನ್ನು ಪ್ರಜ್ಞೆಯಿಲ್ಲದ ನಿದ್ರೆಯಲ್ಲಿರಿಸಿ ಚಿಕಿತ್ಸೆ ಮಾಡಬೇಕಾಯಿತು. ನುರಿತವರಿಗೂ, ಒಳ್ಳೆಯ ಹೆಲ್ಮೆಟ್ ತೊಟ್ಟವರಿಗೂ ಈ ಅಪಾಯ ತಪ್ಪಿದ್ದಲ್ಲ. ಹಾಗಿದ್ದ ಮೇಲೆ ನಮ್ಮ ಹುಡುಗರ ಮಾತೇನು?

ಈ ಪಾಠವನ್ನು ಬರೆಯಲು ನನಗೊಂದು ಕಾರಣವುಂಟು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಮಾಡಿದ ತಪ್ಪು

ನನ್ನ ತಂಗಿಯ ಮಗ ಒಂದು ಸಂಜೆ ಕೆರೆಯಂಗಳದಲ್ಲಿ ಬೈಕಿನಿಂದ ಬಿದ್ದ. ರಕ್ತ ಬರಲಿಲ್ಲ, ಪ್ರಜ್ಞೆ ತಪ್ಪಲಿಲ್ಲ. ತಾನೇ ಎದ್ದು ಮೈ ಕೊಡವಿಕೊಂಡ. ಮನೆಗೆ ಬಂದವನು, “ಮಾವ, ನಾವು ಇಲ್ಲಿಗೆ ಯಾವಾಗ ಬಂದೆವು?” ಎಂದು ಕೇಳಿದ. ಹೇಳಿದೆ. ಹತ್ತು ನಿಮಿಷ ಕಳೆದ ಮೇಲೆ ಮತ್ತೆ ಅದನ್ನೇ ಕೇಳಿದ. ನಾವೆಲ್ಲ ನಕ್ಕೆವು. ಮರುದಿನ ತಲೆನೋವೆಂದಾಗ, “ರಕ್ತ ಬಂದಿಲ್ಲ, ಮೂಳೆ ಮುರಿದಿಲ್ಲ, ಇಷ್ಟಕ್ಕೆಲ್ಲ ಮಲಗುತ್ತಾರೆಯೇ?” ಎಂದು ಗದರಿಸಿದವನು ನಾನೇ. ಮೂರನೆಯ ದಿನ ಅವನು ಪುನಃ ಬೈಕು ಹತ್ತಿದ, ಪುನಃ ಬಿದ್ದ. ಆ ಸಲ ಬಿದ್ದುದು ತೀರ ಸಣ್ಣದಾಗಿ. ಆದರೆ ಅಂದು ರಾತ್ರಿಯೆಲ್ಲ ವಾಂತಿ. ದೀಪದ ಬೆಳಕನ್ನು ನೋಡಲಾರ, ಮಾತಿನ ಸದ್ದು ಸಹಿಸಲಾರ.

ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದು ನೋಡಿದರು. ಒಳಗೆ ರಕ್ತಸ್ರಾವವಿರಲಿಲ್ಲ; ಅದು ನಮ್ಮ ಪುಣ್ಯ. ಆದರೂ ಹುಡುಗ ಮೂರು ತಿಂಗಳು ನರಳಿದ. ಪುಸ್ತಕ ಹಿಡಿದರೆ ಅಕ್ಷರ ಓಡಾಡುವುವು. ಪಿ.ಯು.ಸಿ. ಪರೀಕ್ಷೆಗೆ ಆ ಸಲ ಕೂರಲಾಗಲಿಲ್ಲ. “ಮೊದಲ ಪೆಟ್ಟು ಆಕಸ್ಮಿಕ. ಎರಡನೆಯ ಪೆಟ್ಟನ್ನು ತಡೆಯಬಹುದಾಗಿತ್ತು” ಎಂದು ವೈದ್ಯರು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ತಲೆಯೊಳಗೆ ಆಗುವುದೇನು?

ಗಡಿಗೆಯಲ್ಲಿ ಗಟ್ಟಿ ಮೊಸರು ತುಂಬಿ ತಲೆಯ ಮೇಲಿಟ್ಟು ನಡೆಯುತ್ತಿದ್ದೀರಿ ಎಂದುಕೊಳ್ಳಿ. ಫಕ್ಕನೆ ಎಡವಿ ನಿಂತರೆ ಗಡಿಗೆಗೆ ಏನೂ ಆಗದಿರಬಹುದು. ಒಳಗಿನ ಮೊಸರು ಮಾತ್ರ ಒಡೆದಿರುತ್ತದೆ. ನಮ್ಮ ತಲೆಯೂ ಹೀಗೆಯೇ. ಬುರುಡೆ ಗಡಿಗೆ. ಸುಮಾರು 1.4 ಕಿಲೋ ತೂಗುವ ಮೃದುವಾದ ಮಿದುಳು ಅದರೊಳಗೆ ತೆಳುವಾದ ನೀರಿನಂಥ ದ್ರವದಲ್ಲಿ ತೇಲುತ್ತದೆ. ತಲೆ ಫಕ್ಕನೆ ನಿಂತಾಗ ಅಥವಾ ಗಿರಕಿ ಹೊಡೆದಾಗ ಮಿದುಳು ಒಳಗೇ ಜಗ್ಗಿ ತಿರುಚಿಕೊಳ್ಳುತ್ತದೆ. ಅದರ ನರತಂತುಗಳ ಕೆಲಸ ಕೆಲಕಾಲ ಏರುಪೇರಾಗುತ್ತದೆ. ಇದನ್ನೇ ವೈದ್ಯರು ಕನ್ಕಷನ್ ಎನ್ನುತ್ತಾರೆ. ನಾವು ಅದುರುಪೆಟ್ಟು ಎನ್ನೋಣ.

ಅದುರುಪೆಟ್ಟಾದ ಬಹುಮಂದಿಗೆ ಪ್ರಜ್ಞೆ ತಪ್ಪುವುದಿಲ್ಲ. ಸ್ಕ್ಯಾನ್ ಚಿತ್ರದಲ್ಲಿಯೂ ಅದು ಸಾಮಾನ್ಯವಾಗಿ ಕಾಣಿಸದು. ಸ್ಕ್ಯಾನ್ ಮಾಡುವುದು ರಕ್ತಸ್ರಾವ, ಬುರುಡೆಯ ಬಿರುಕು ಇವನ್ನು ಹುಡುಕಲಿಕ್ಕೆ. ಚಿತ್ರ ಸರಿಯಾಗಿದೆ ಎಂದ ಮಾತ್ರಕ್ಕೆ ಪೆಟ್ಟೇ ಆಗಿಲ್ಲವೆಂದು ತಿಳಿಯಕೂಡದು.

ಇದರ ಲಕ್ಷಣಗಳು ಇವು: ತಲೆನೋವು, ತಲೆಸುತ್ತು, ಓಕರಿಕೆ, ಮಂಕು ಕವಿದಂತಾಗುವುದು, ಕೇಳಿದ್ದನ್ನೇ ಕೇಳುವುದು, ಬಿದ್ದುದೇ ನೆನಪಿಲ್ಲದಿರುವುದು, ಬೆಳಕು ಸದ್ದುಗಳನ್ನು ಸಹಿಸದಿರುವುದು, ಸಿಡುಕು, ನಿದ್ರೆಯ ಏರುಪೇರು. ಕೆಲವು ಕೂಡಲೇ ಕಾಣಿಸುತ್ತವೆ. ಕೆಲವು ಮರುದಿನ ಕಾಣಿಸುತ್ತವೆ.

ಬಿದ್ದ ಕೂಡಲೆ ಏನು ಮಾಡಬೇಕು?

ಮೊದಲನೆಯದಾಗಿ, ಆಟ ಅಲ್ಲಿಗೇ ನಿಲ್ಲತಕ್ಕದ್ದು. ಸಂಶಯ ಬಂದರೂ ಸಾಕು, ಆ ದಿನ ಮತ್ತೆ ಬೈಕು ಹತ್ತಕೂಡದು. ಬಿದ್ದವನು “ನನಗೇನೂ ಆಗಿಲ್ಲ” ಎನ್ನುತ್ತಾನೆ. ಆ ಮಾತನ್ನು ನಂಬಬೇಡಿ. ಹಾಗೆ ತೀರ್ಮಾನ ಮಾಡುವುದು ಪೆಟ್ಟು ತಿಂದ ಆ ಮಿದುಳೇ ಅಲ್ಲವೇ?

ಬಿದ್ದವನಿಗೆ ಪ್ರಜ್ಞೆ ಇಲ್ಲದಿದ್ದರೆ ಅಥವಾ ಕತ್ತು ನೋಯುತ್ತಿದ್ದರೆ ಎಳೆದಾಡಬೇಡಿ, ಹೆಲ್ಮೆಟನ್ನು ಕಿತ್ತು ತೆಗೆಯಬೇಡಿ. ಕತ್ತಿನ ಮೂಳೆಗೂ ಪೆಟ್ಟಾಗಿರಬಹುದು. ತಲೆ ಅಲುಗದಂತೆ ಹಿಡಿದುಕೊಂಡು 108ಕ್ಕೆ ಕರೆ ಮಾಡಿ. ಉಸಿರಾಟಕ್ಕೆ ಅಡ್ಡಿಯಾದರೆ ಮಾತ್ರ ಹೆಲ್ಮೆಟ್ ತೆಗೆಯಬೇಕು. ಆಗಲೂ ಒಬ್ಬರು ಕತ್ತನ್ನು ಆಧರಿಸಿ ಹಿಡಿದಿರಬೇಕು, ಇನ್ನೊಬ್ಬರು ಮೆಲ್ಲನೆ ತೆಗೆಯಬೇಕು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕುವುದು, ಈರುಳ್ಳಿ ಮೂಸಿಸುವುದು, ಧೈರ್ಯಕ್ಕೆಂದು ಬ್ರಾಂದಿ ಕುಡಿಸುವುದು ಇವೆಲ್ಲ ಕೇಡಿಗೆ ದಾರಿ.

ಕೆಳಗಿನವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು:

1. ಹೊತ್ತು ಹೋದಂತೆ ಹೆಚ್ಚುವ ತಲೆನೋವು.
2. ಮತ್ತೆ ಮತ್ತೆ ವಾಂತಿ.
3. ಫಿಟ್ಸ್ ಬರುವುದು.
4. ಎಬ್ಬಿಸಿದರೂ ಏಳದ ಮಂಪರು, ಹೆಚ್ಚುತ್ತಿರುವ ಗೊಂದಲ.
5. ತೊದಲು ಮಾತು, ಕೈಕಾಲಿನಲ್ಲಿ ಬಲಹೀನತೆ.
6. ಒಂದು ಕಣ್ಣಿನ ಪಾಪೆ ದೊಡ್ಡದಾಗಿ, ಇನ್ನೊಂದು ಚಿಕ್ಕದಾಗಿ ಕಾಣುವುದು.
7. ಕಿವಿ ಮೂಗುಗಳಿಂದ ರಕ್ತ ಅಥವಾ ತಿಳಿನೀರು ಸೋರುವುದು.

ಕೆಲವೊಮ್ಮೆ ಬಿದ್ದವನು ಎದ್ದು ಚೆನ್ನಾಗಿಯೇ ಮಾತಾಡಿ, ಗಂಟೆಗಳ ಮೇಲೆ ಕುಸಿಯುವುದುಂಟು. ಒಳಗೆ ರಕ್ತ ಮೆಲ್ಲನೆ ಸೇರುತ್ತಾ ಮಿದುಳನ್ನು ಒತ್ತುವುದೇ ಇದಕ್ಕೆ ಕಾರಣ. ಆದುದರಿಂದ ಮೊದಲ ದಿನ ಮತ್ತು ರಾತ್ರಿ ಅವನನ್ನು ಒಂಟಿಯಾಗಿ ಬಿಡಕೂಡದು. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಏನೂ ಲಕ್ಷಣವಿಲ್ಲದಿದ್ದರೂ ವೈದ್ಯರಿಗೆ ತೋರಿಸಬೇಕು.

ಚೇತರಿಕೆಯ ಏಣಿ

“ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸಿ” ಎನ್ನುವುದು ಹಳೆಯ ಸಲಹೆ. ಈಗಿನ ವೈದ್ಯಶಾಸ್ತ್ರ ಹಾಗೆ ಹೇಳುವುದಿಲ್ಲ. ಆಟಗಳಲ್ಲಾಗುವ ಅದುರುಪೆಟ್ಟಿನ ಬಗೆಗೆ 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನಾನಾ ದೇಶಗಳ ತಜ್ಞರು ಸೇರಿ ವಿಚಾರ ಮಾಡಿ, 2023ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಅದರ ಸಾರ ಇಷ್ಟು: ಮೊದಲ ಒಂದೆರಡು ದಿನ ಹಗುರಾದ ವಿಶ್ರಾಂತಿ ಸಾಕು. ಮನೆಯೊಳಗಿನ ಸಣ್ಣಪುಟ್ಟ ಕೆಲಸ, ಅಂಗಳದಲ್ಲಿ ನಡೆದಾಟ ಇರಲಿ. ಮೊಬೈಲು, ಟಿ.ವಿ. ಕಡಿಮೆ ಮಾಡಬೇಕು. ಆ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಬೈಕು ಸವಾರರಿಗೆ ಹೊಂದಿಸಿ ಹೇಳುವುದಾದರೆ ಮೆಟ್ಟಿಲುಗಳು ಹೀಗಿವೆ:

ಮೊದಲ ಮೆಟ್ಟಿಲು: ದಿನನಿತ್ಯದ ಹಗುರ ಕೆಲಸ, ನಿಧಾನ ನಡಿಗೆ.
ಎರಡನೆಯದು: ಬಿರುಸು ನಡಿಗೆ, ನಿಂತಲ್ಲೇ ತುಳಿಯುವ ಸೈಕಲ್ಲಿನಂಥ ವ್ಯಾಯಾಮ.
ಮೂರನೆಯದು: ಓಟ, ಮೈಯ ಸಮತೋಲದ ಅಭ್ಯಾಸ. ತಲೆಗೆ ಪೆಟ್ಟಾಗುವ ಸಂಭವ ಇರಕೂಡದು. ಬೈಕು ಇನ್ನೂ ಬೇಡ.
ನಾಲ್ಕನೆಯದು: ಸಮತಟ್ಟಾದ ನೆಲದಲ್ಲಿ ಒಬ್ಬನೇ ನಿಧಾನವಾಗಿ ಸವಾರಿ.
ಐದನೆಯದು: ಹಾದಿಯಲ್ಲಿ ಪೂರ್ಣ ಅಭ್ಯಾಸ.
ಆರನೆಯದು: ಪಂದ್ಯ.

ಒಂದೊಂದು ಮೆಟ್ಟಿಲಿಗೆ ಕಡಮೆಯೆಂದರೆ ಒಂದು ಹಗಲು ಒಂದು ರಾತ್ರಿ ಬೇಕು. ತಲೆನೋವಿಗೆ ಹತ್ತರಲ್ಲಿ ಇಂತಿಷ್ಟೆಂದು ಅಂಕ ಕೊಡಲು ಹೇಳಿ. ಕೆಲಸ ಮಾಡುವಾಗ ಅದು ಎರಡು ಅಂಕಕ್ಕಿಂತ ಹೆಚ್ಚಿದರೆ, ಅಥವಾ ಹೆಚ್ಚಿದ್ದು ಒಂದು ಗಂಟೆಯೊಳಗೆ ಇಳಿಯದಿದ್ದರೆ, ಅಂದಿಗೆ ನಿಲ್ಲಿಸಿ ಮರುದಿನ ನೋಡಬೇಕು. ನಾಲ್ಕನೆಯ ಮೆಟ್ಟಿಲಿಗೆ ಕಾಲಿಡುವ ಮುನ್ನ ಲಕ್ಷಣಗಳೆಲ್ಲ ಪೂರ್ತಿ ಹೋಗಿರಬೇಕು. ವೈದ್ಯರ ಒಪ್ಪಿಗೆಯೂ ಬೇಕು. ಇದು ಕಡ್ಡಾಯ.

ದೊಡ್ಡವರು ಸಾಮಾನ್ಯವಾಗಿ ಎರಡು ವಾರದಲ್ಲಿ, ಮಕ್ಕಳು ನಾಲ್ಕು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಅದಕ್ಕೂ ಮೀರಿದರೆ ಪುನಃ ವೈದ್ಯರನ್ನು ಕಾಣಬೇಕು. ಓದುವ ಹುಡುಗರು ಮೊದಲು ಶಾಲೆಗೆ, ಆಮೇಲೆ ಆಟಕ್ಕೆ ಮರಳಬೇಕು. ಮೊದಮೊದಲು ಅರ್ಧ ದಿನದ ಪಾಠ, ನಡುನಡುವೆ ಬಿಡುವು, ಪರೀಕ್ಷೆಗೆ ವಿನಾಯಿತಿ ಕೊಡುವಂತೆ ಉಪಾಧ್ಯಾಯರನ್ನು ಕೇಳಿಕೊಳ್ಳಲು ಸಂಕೋಚ ಬೇಡ. ಪೂರ್ತಿ ಗುಣವಾಗುವ ತನಕ ಹೆಂಡ ಸಾರಾಯಿ ಕೂಡದು. ರಸ್ತೆಯ ಮೇಲೂ ಗಾಡಿ ಓಡಿಸಕೂಡದು. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಬಾರದು. ಆಸ್ಪಿರಿನ್ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ.

ಇಷ್ಟೆಲ್ಲ ಕಟ್ಟುಪಾಡು ಏತಕ್ಕೆಂದರೆ, ಮೊದಲ ಪೆಟ್ಟು ಮಾಗುವ ಮೊದಲೇ ಎರಡನೆಯ ಪೆಟ್ಟು ಬಿದ್ದರೆ ಕಾಯಿಲೆ ಬಲಿಯುತ್ತದೆ. ಅಪರೂಪಕ್ಕೆ, ಅದರಲ್ಲೂ ಎಳೆಯರಲ್ಲಿ, ಮಿದುಳು ಫಕ್ಕನೆ ಊದಿ ಪ್ರಾಣವೇ ಹೋದದ್ದುಂಟು.

ಹೆಲ್ಮೆಟ್ಟಿನ ಕಥೆ, ಹೆಲ್ಮೆಟ್ಟಿನ ಕೆಲಸ

1935ರಲ್ಲಿ ಇಂಗ್ಲೆಂಡಿನಲ್ಲಿ ಟಿ. ಇ. ಲಾರೆನ್ಸ್ ಎಂಬ ಹೆಸರಾಂತ ವ್ಯಕ್ತಿ ಮೋಟಾರು ಬೈಕಿನಿಂದ ಬಿದ್ದು, ಆರು ದಿನಗಳ ಮೇಲೆ ತೀರಿಕೊಂಡರು. ತಲೆಗೆ ರಕ್ಷಣೆ ಇರಲಿಲ್ಲ. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಒಬ್ಬರು. ಅವರು ಅನಂತರ ಸೈನ್ಯದ ಬೈಕು ಸವಾರರ ಸಾವುಗಳನ್ನು ಪರಿಶೀಲಿಸಿ 1941ರಲ್ಲಿ ಲೇಖನ ಬರೆದರು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟನ್ನು ಕಡ್ಡಾಯ ಮಾಡಿತು. ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದ 2008ರ ಒಂದು ವಿಮರ್ಶೆಯಂತೆ, ಹೆಲ್ಮೆಟ್ ಸಾವಿನ ಸಂಭವವನ್ನು ನೂರಕ್ಕೆ ಸುಮಾರು 42ರಷ್ಟು, ತಲೆಗಾಯದ ಸಂಭವವನ್ನು ಸುಮಾರು 69ರಷ್ಟು ತಗ್ಗಿಸುತ್ತದೆ.

ಆದರೆ ಅದುರುಪೆಟ್ಟನ್ನು ಪೂರ್ತಿಯಾಗಿ ತಡೆಯುವ ಹೆಲ್ಮೆಟ್ ಎಲ್ಲಿಯೂ ಇಲ್ಲ. ಹಾಗೆಂದು ಹೇಳಿ ಮಾರುವವನನ್ನು ನಂಬಬೇಡಿ.

ಹೆಲ್ಮೆಟ್ಟಿನ ಹೊರಚಿಪ್ಪು ಕಲ್ಲು ಕೊನೆಗಳು ಚುಚ್ಚದಂತೆ ತಡೆದು ಪೆಟ್ಟನ್ನು ಹರಡುತ್ತದೆ. ನಿಜವಾದ ಕೆಲಸ ಮಾಡುವುದು ಒಳಗಿನ ಥರ್ಮೊಕೋಲಿನಂಥ ದಪ್ಪ ಪದರ. ಅದು ತಾನು ಜಜ್ಜಿಹೋಗಿ ಪೆಟ್ಟಿನ ಬಿರುಸನ್ನು ನುಂಗುತ್ತದೆ. ಜಜ್ಜಿದ ಪದರ ಮತ್ತೆ ಉಬ್ಬದು. ಆದುದರಿಂದ ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್, ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ, ಮತ್ತೆ ಬಳಕೆಗೆ ಬಾರದು. ನನ್ನ ತಂಗಿಯ ಮಗನ ಹೆಲ್ಮೆಟನ್ನು ಬಿಚ್ಚಿ ನೋಡಿದೆ. ದಾರಿಬದಿಯಲ್ಲಿ ಕೊಂಡದ್ದು. ಒಳಗೆ ಆ ಪದರವೇ ಇರಲಿಲ್ಲ. ದಿಂಬಿನ ಸ್ಪಂಜು ಇತ್ತು, ಅಷ್ಟೆ.

ಕೊಳ್ಳುವಾಗ ನೋಡಬೇಕಾದ್ದು

1. ಗುರುತು: ನಮ್ಮ ದೇಶದಲ್ಲಿ ಐ.ಎಸ್.ಐ. ಮುದ್ರೆ, ಐ.ಎಸ್. 4151 ಎಂಬ ಸಂಖ್ಯೆ, ಜತೆಗೆ ಸಿ.ಎಂ./ಎಲ್. ಎಂದು ಮೊದಲಾಗುವ ಪರವಾನಗಿ ಸಂಖ್ಯೆ ಇರಬೇಕು. 2021ರ ಜೂನ್ 1ರಿಂದ ಈ ಮುದ್ರೆಯಿಲ್ಲದ ದ್ವಿಚಕ್ರ ಸವಾರರ ಹೆಲ್ಮೆಟನ್ನು ಮಾರುವಂತಿಲ್ಲ. ಮುದ್ರೆಯನ್ನೂ ಕಳ್ಳತನದಿಂದ ಅಂಟಿಸುವವರಿದ್ದಾರೆ. ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ನಿಜವೋ ಸುಳ್ಳೋ ತಿಳಿಯುತ್ತದೆ. ಯುರೋಪಿನ ಇ.ಸಿ.ಇ. 22.06 ಎಂಬ ಗುರುತೂ ಇದ್ದರೆ ಲೇಸು. ಓರೆಯಾಗಿ ಬಡಿದು ತಲೆ ತಿರುಚುವ ಪೆಟ್ಟನ್ನೂ ಅದರಲ್ಲಿ ಪರೀಕ್ಷಿಸುತ್ತಾರೆ.

2. ಆಕಾರ: ಧೂಳು ಹಾದಿಗೆ ಗಲ್ಲದ ಪಟ್ಟಿ ಮುಂದಕ್ಕೆ ಚಾಚಿದ, ಮೇಲೆ ಬಿಸಿಲುಮರೆಯಿರುವ, ಗಾಳಿಗಂಡಿಗಳುಳ್ಳ, ಕಣ್ಣಿಗೆ ಗಾಗಲ್ ಹಾಕಲು ಎಡೆಯಿರುವ ಹೆಲ್ಮೆಟ್ ಬೇಕು. ನೆತ್ತಿ ಮಾತ್ರ ಮುಚ್ಚುವ ಟೋಪಿಯಂಥದು ಏನೂ ಪ್ರಯೋಜನವಿಲ್ಲ. ಇಟ್ಟಿಗೆ ಹೊರುವವರ ಕಟ್ಟಡದ ಟೋಪಿಯೂ ಅಷ್ಟೆ.

3. ಅಳತೆ: ಹುಬ್ಬಿನ ಮೇಲೆ ಒಂದಂಗುಲ ಬಿಟ್ಟು, ತಲೆಯ ಅತಿ ದಪ್ಪ ಭಾಗದ ಸುತ್ತ ಟೇಪು ಹಿಡಿದು ಸೆಂಟಿಮೀಟರಿನಲ್ಲಿ ಅಳೆಯಿರಿ. ತೊಟ್ಟಾಗ ಬಿಗಿಯಾಗಿರಬೇಕು, ನೋಯಬಾರದು. ಹೆಲ್ಮೆಟನ್ನು ಅತ್ತಿತ್ತ ತಿರುಗಿಸಿದರೆ ಕೆನ್ನೆ ಹಣೆಗಳ ಚರ್ಮವೂ ಜತೆಗೇ ಎಳೆಯಬೇಕು. ಪಟ್ಟಿ ಕಟ್ಟಿ, ಹಿಂದಿನಿಂದ ಮುಂದಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಅದು ನಿಮ್ಮದಲ್ಲ. “ಬೆಳೆಯುವ ಹುಡುಗ, ದೊಡ್ಡದೇ ಇರಲಿ” ಎಂಬ ಅಂಗಿ ಚಡ್ಡಿಯ ಲೆಕ್ಕ ಇಲ್ಲಿ ನಡೆಯದು.

4. ತಿರುಚುಪೆಟ್ಟಿನ ಪದರ: ಸ್ವೀಡನ್ ದೇಶದ ಒಬ್ಬ ಮಿದುಳು ಶಸ್ತ್ರವೈದ್ಯರೂ ಒಬ್ಬ ಎಂಜಿನಿಯರರೂ ಸೇರಿ ಮಿಪ್ಸ್ ಎಂಬ ಜಾರುಪದರವನ್ನು ರೂಪಿಸಿದರು. ಓರೆಪೆಟ್ಟು ಬಿದ್ದಾಗ ಹೆಲ್ಮೆಟ್ ತಲೆಯ ಮೇಲೆ ಒಂದಿಷ್ಟು ಜಾರಿ, ತಿರುಚುವ ಬಿರುಸು ಕಡಮೆಯಾಗುತ್ತದೆ. ಹಣವಿದ್ದರೆ ಕೊಳ್ಳಬಹುದು. ಆದರೆ ಸರಿಯಾದ ಅಳತೆಯೂ ನಿಜವಾದ ಮುದ್ರೆಯೂ ಮೊದಲು, ಇದು ಆಮೇಲೆ.

5. ಆರೈಕೆ: ಸಾಬೂನು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಪೆಟ್ರೋಲು, ಥಿನ್ನರ್ ತಾಗಿಸಬೇಡಿ, ಒಳಪದರ ಕರಗುತ್ತದೆ. ಬಿಸಿಲಿಗೆ ಬಿಡಬೇಡಿ. ಬೀಳದಿದ್ದರೂ ಐದು ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು. ಇನ್ನೊಬ್ಬರು ಬಳಸಿದ್ದನ್ನು ಕೊಳ್ಳಬೇಡಿ. ಅದು ಎಷ್ಟು ಸಲ ಬಿದ್ದಿದೆಯೋ ಬಲ್ಲವರಾರು?

ಮುಗಿಸುವ ಮುನ್ನ

ಎತ್ತು ಕುಂಟಿದರೆ ನಾವು ಅದನ್ನು ನೊಗಕ್ಕೆ ಹೂಡುವುದಿಲ್ಲ. ಕಾಲು ವಾಸಿಯಾಗುವ ತನಕ ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕುತ್ತೇವೆ. ಎತ್ತಿಗೆ ತೋರುವ ಆ ತಾಳ್ಮೆಯನ್ನು ನಾನು ನನ್ನ ಮನೆಯ ಹುಡುಗನಿಗೆ ತೋರಲಿಲ್ಲ. ಅವನು ಈಗ ಚೆನ್ನಾಗಿದ್ದಾನೆ. ಪರೀಕ್ಷೆಯನ್ನೂ ಮುಂದೆ ಕಟ್ಟಿ ಪಾಸು ಮಾಡಿದ. ಬೈಕನ್ನೂ ಬಿಟ್ಟಿಲ್ಲ. ಬಿದ್ದವರನ್ನು ಕಂಡರೆ ಮಾತ್ರ ಅವನೇ ಮೊದಲು ಬೈಕಿನ ಕೀಲಿ ಕಿತ್ತು ಜೇಬಿಗಿಳಿಸುತ್ತಾನೆ.

ಯುವಕ ಸಂಘದಲ್ಲಿ ಚರ್ಚಿಸಲು ಪ್ರಶ್ನೆಗಳು

1. ಪ್ರಜ್ಞೆ ತಪ್ಪದಿದ್ದರೂ ಮಿದುಳಿಗೆ ಪೆಟ್ಟಾಗಬಹುದೇ? ಹೇಗೆ?
2. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಏಳು ಲಕ್ಷಣಗಳು ಯಾವುವು?
3. ವೈದ್ಯರ ಒಪ್ಪಿಗೆ ಏಣಿಯ ಯಾವ ಮೆಟ್ಟಿಲಿಗೆ ಮುನ್ನ ಬೇಕು?
4. ನಿಮ್ಮ ಊರಿನ ಹೆಲ್ಮೆಟ್ಟುಗಳನ್ನೆಲ್ಲ ಒಂದು ಸಂಜೆ ಒಟ್ಟಿಗೆ ತಂದು ಪರೀಕ್ಷಿಸಿರಿ. ಮುದ್ರೆಯುಳ್ಳವು ಎಷ್ಟು? ಒಳಪದರವಿರುವುವು ಎಷ್ಟು? ಒಮ್ಮೆ ಬಿದ್ದವು ಎಷ್ಟು?