ಪಕ್ಕದ ಮನೆಯ ರಂಗೋಲಿ ನೋಡಿ ವೆಬ್ ವಿನ್ಯಾಸ ಕಲಿಯೋಣ



ಕಳೆದ ವರ್ಷ ನಮ್ಮ ಸಂಘದ ರಾಜ್ಯೋತ್ಸವಕ್ಕೆ ಒಂದು ವೆಬ್ ಪುಟ ಮಾಡುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಹತ್ತು ವರ್ಷದಿಂದ ಸಾಫ್ಟ್‌ವೇರ್ ಬರೆಯುತ್ತಿರುವವನಿಗೆ ಇದೇನು ಮಹಾ ಎಂದುಕೊಂಡು ಎರಡೇ ರಾತ್ರಿಯಲ್ಲಿ ಮುಗಿಸಿದೆ. ಎಡಕ್ಕೆ ಭುವನೇಶ್ವರಿಯ ಚಿತ್ರ, ಬಲಕ್ಕೆ ಪ್ರಾಯೋಜಕರು, ಕೆಂಪಿನ ಮೇಲೆ ಹಳದಿ ಅಕ್ಷರ. ನನಗಂತೂ ಬಹಳ ಚೆನ್ನಾಗಿ ಕಂಡಿತು.

ನನ್ನ ಮಗಳ ನೃತ್ಯವನ್ನು ನೇರಪ್ರಸಾರದಲ್ಲಿ ನೋಡಲು ಶಿವಮೊಗ್ಗದಲ್ಲಿ ಅಮ್ಮ ನಿದ್ದೆಗೆಟ್ಟು ಕೂತಿದ್ದರು. ನೃತ್ಯ ಮುಗಿದ ಮೇಲೆ ಫೋನ್ ಬಂತು. "ಎಲ್ಲಿ ಒತ್ತಬೇಕೋ ಗೊತ್ತಾಗಲಿಲ್ಲ ಕಣೋ. ನನಗೇ ತಿಳಿಯೋದಿಲ್ಲ ಬಿಡು" ಅಂದರು. ಮೊಬೈಲಿನಲ್ಲಿ ಪುಟ ತೆರೆದು ನೋಡಿದೆ. ನೇರಪ್ರಸಾರದ ಕೊಂಡಿ ಎಲ್ಲ ಪ್ರಾಯೋಜಕರ ಕೆಳಗೆ ಹೂತುಹೋಗಿತ್ತು. ತಪ್ಪು ನನ್ನದು, ಅಮ್ಮ ತನ್ನದೆಂದುಕೊಂಡಿದ್ದರು.

ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಸಿದ್ದರು, ಪುಟ ಜೋಡಿಸುವುದನ್ನು ಕಲಿಸಿರಲಿಲ್ಲ. ಆಗ ನೆನಪಾದದ್ದು ಅಮ್ಮನ ರಂಗೋಲಿ. ಧನುರ್ಮಾಸದಲ್ಲಿ ಬೀದಿಯಲ್ಲಿ ಒಂದು ಸುತ್ತು ಬಂದು, ಚೆಂದ ಕಂಡ ರಂಗೋಲಿಯ ಚುಕ್ಕಿ ಎಣಿಸಿಕೊಂಡು, ಮರುದಿನ ನಮ್ಮ ಅಂಗಳದಲ್ಲಿ ತನ್ನದೇ ರೀತಿಯಲ್ಲಿ ಹಾಕುತ್ತಿದ್ದರು. ನಾನೂ ಹಾಗೆಯೇ ಕಲಿತೆ. ಪಾಠ ಹೀಗಿದೆ:

1. ಚುಕ್ಕಿ ಎಣಿಸಿ. ದಿನವೂ ನೋಡುವ ಒಂದು ತಾಣ ತೆರೆಯಿರಿ. ಕಣ್ಣು ಕಿರಿದು ಮಾಡಿ ನೋಡಿದರೆ ಅಕ್ಷರ ಮಸುಕಾಗಿ ಬರೀ ಚೌಕಗಳು ಕಾಣುತ್ತವೆ. ಅವನ್ನು ಪೆನ್ಸಿಲಿನಲ್ಲಿ ಕಾಗದದ ಮೇಲೆ ಬರೆಯಿರಿ. ಮೊದಲು ಕಣ್ಣಿಗೆ ಬಿದ್ದದ್ದಕ್ಕೆ 1, ಆಮೇಲಿನದಕ್ಕೆ 2 ಎಂದು ಗುರುತು ಹಾಕಿ. ನನ್ನ ಪುಟದಲ್ಲಿ ನೇರಪ್ರಸಾರಕ್ಕೆ ಸಿಕ್ಕಿದ ಸಂಖ್ಯೆ 9!

2. ಕಿಟಕಿ ಕಿರಿದು ಮಾಡಿ. ಬ್ರೌಸರಿನ ಅಂಚು ಹಿಡಿದು ನಿಧಾನವಾಗಿ ಒಳಗೆ ಎಳೆಯಿರಿ. ಮೂರು ಕಂಬಸಾಲು ಯಾವಾಗ ಒಂದಾಗುತ್ತದೆ, ಯಾವುದು ಮೇಲೆ ಉಳಿಯುತ್ತದೆ, ಗಮನಿಸಿ. 2010ರಲ್ಲಿ ಈಥನ್ ಮಾರ್ಕಾಟ್ ಈ ವಿಧಾನಕ್ಕೆ 'ರೆಸ್ಪಾನ್ಸಿವ್ ವೆಬ್ ಡಿಸೈನ್' ಎಂದು ಹೆಸರಿಟ್ಟರು.

3. ಒಳಗೆ ಇಣುಕಿ. ಕಂಪ್ಯೂಟರಿನಲ್ಲಿ ಕ್ರೋಮ್ ಅಥವಾ ಫೈರ್‌ಫಾಕ್ಸ್ ತೆರೆದು, ಪುಟದ ಮೇಲೆ ಬಲ ಕ್ಲಿಕ್ ಮಾಡಿ 'ಇನ್‌ಸ್ಪೆಕ್ಟ್' ಆರಿಸಿ. ಎಚ್‌ಟಿಎಮ್‌ಎಲ್ ಮತ್ತು ಸಿಎಸ್‌ಎಸ್ ಎರಡೂ ಕಾಣುತ್ತವೆ. ಒಂದು ಚೌಕದ ಮಾರ್ಜಿನ್ ಅಳಿಸಿ ನೋಡಿ, ಅಕ್ಷರ ದೊಡ್ಡದು ಮಾಡಿ ನೋಡಿ. ಹೆದರಬೇಡಿ, ಬದಲಾವಣೆ ನಿಮ್ಮ ಪರದೆಯಲ್ಲಿ ಮಾತ್ರ. ರಿಫ್ರೆಶ್ ಮಾಡಿದರೆ ಎಲ್ಲ ಮೊದಲಿನಂತೆ.

ಇದರಲ್ಲೇ ನನ್ನ ಎರಡನೇ ತಪ್ಪು ಸಿಕ್ಕಿತು. ಓದುವ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕೆನ್ನುವುದು ವೆಬ್ ಸುಗಮತೆಯ ಮಾನದಂಡ. ಅಪ್ಪಟ ಕೆಂಪಿನ ಮೇಲೆ ಅಪ್ಪಟ ಹಳದಿ ಇಟ್ಟರೆ ಬರುವುದು ಸುಮಾರು 3.7. ಕೆಂಪನ್ನು ಗಾಢ ಮರೂನ್ ಮಾಡಿದಾಗ ಅದು 10 ದಾಟಿತು. ಬಾವುಟದ ಬಣ್ಣದ ನೆನಪೂ ಉಳಿಯಿತು, ಅಮ್ಮನ ಕಣ್ಣಿಗೂ ಹಿತವಾಯಿತು.

4. ಒಂದೇ ಚುಕ್ಕಿ, ನೂರು ರಂಗೋಲಿ. 2003ರಲ್ಲಿ ಡೇವ್ ಶೇ ಆರಂಭಿಸಿದ 'ಸಿಎಸ್‌ಎಸ್ ಝೆನ್ ಗಾರ್ಡನ್' ತಾಣವನ್ನು ತಪ್ಪದೇ ನೋಡಿ. ಅಲ್ಲಿ ಎಚ್‌ಟಿಎಮ್‌ಎಲ್ ಒಂದೇ. ಬೇರೆ ಬೇರೆ ವಿನ್ಯಾಸಕಾರರು ಸಿಎಸ್‌ಎಸ್ ಮಾತ್ರ ಬದಲಿಸಿ ಅದಕ್ಕೆ ಬೇರೆ ಬೇರೆ ರೂಪ ಕೊಟ್ಟಿದ್ದಾರೆ.

5. ನಿಮ್ಮ ಅಂಗಳದಲ್ಲಿ ಹಾಕಿ. ತಾಣವನ್ನು ಮುಚ್ಚಿಟ್ಟು, ನಿಮ್ಮ ಕಾಗದ ನೋಡಿಕೊಂಡು ಖಾಲಿ ಬೂದು ಚೌಕಗಳಿಂದ ಪುಟ ಕಟ್ಟಿ. 1990ರ ದಶಕದಲ್ಲಿ ಇದಕ್ಕೆಲ್ಲ ಟೇಬಲ್ಲುಗಳ ಒಳಗೆ ಟೇಬಲ್ ಹಾಕಬೇಕಿತ್ತು. 2017ರಲ್ಲಿ ಪ್ರಮುಖ ಬ್ರೌಸರುಗಳಿಗೆ ಸಿಎಸ್‌ಎಸ್ ಗ್ರಿಡ್ ಬಂದ ಮೇಲೆ ಕೆಲವೇ ಸಾಲು ಸಾಕು. ಚೌಕಗಳನ್ನು ಜೋಡಿಸುವ ರೀತಿ ಕಲಿಯಿರಿ, ಆದರೆ ಇನ್ನೊಬ್ಬರ ಚಿತ್ರ, ಬರಹ, ಲಾಂಛನ, ಇಡೀ ಕೋಡ್ ಎತ್ತಿಕೊಳ್ಳಬೇಡಿ.

ಇನ್ನು ಕನ್ನಡ ಪುಟಕ್ಕೆ ಒಂದು ವಿಶೇಷ ಮಾತು. ಇಂಗ್ಲಿಷ್ ತಾಣದ ಅಳತೆಗಳನ್ನು ಹಾಗೇ ತಂದರೆ ನಮ್ಮ ಲಿಪಿ ಇಕ್ಕಟ್ಟಿಗೆ ಸಿಲುಕುತ್ತದೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 'ರಾಷ್ಟ್ರ', 'ಸ್ತ್ರೀ' ಎಂದು ಬರೆದು ನೋಡಿ, ತಿಳಿಯುತ್ತದೆ. ನಾನು ಸಾಲಿನ ಎತ್ತರ, ಅಂದರೆ ಲೈನ್-ಹೈಟ್, 1.7 ಇಟ್ಟೆ. ಅಕ್ಷರವನ್ನೂ ತುಸು ದೊಡ್ಡದು ಮಾಡಿದೆ.

ಈ ಯುಗಾದಿಗೆ ಹೊಸ ಪುಟ ಮಾಡಿದೆ. ಮೇಲೆ ದಿನಾಂಕ, ಭಾರತದ ಸಮಯ, 'ಇಲ್ಲಿ ಒತ್ತಿ ನೋಡಿ' ಎಂಬ ದೊಡ್ಡ ಗುಂಡಿ. ಪ್ರಾಯೋಜಕರೆಲ್ಲ ಕೆಳಗೆ. ಯಾರಿಗೂ ಫೋನ್ ಮಾಡದೆ ಅಮ್ಮ ಮೊಮ್ಮಗಳ ಹಾಡು ಪೂರ್ತಿ ಕೇಳಿದರು.

ಮಕ್ಕಳಿಗೆ ಈ ವಾರಾಂತ್ಯದ ಮನೆಗೆಲಸ: ಒಂದು ತಾಣ, ಒಂದು ಕಾಗದ, ಒಂದು ಪೆನ್ಸಿಲ್. ಚೌಕ ಬರೆದಾದ ಮೇಲೆ ಊರಿನ ಅಜ್ಜಿಗೋ ತಾತನಿಗೋ ವಿಡಿಯೋ ಕರೆ ಮಾಡಿ, ಅದೇ ತಾಣ ತೆರೆಯಲು ಹೇಳಿ, ಮೊದಲು ಏನು ಕಂಡಿತು ಎಂದು ಕೇಳಿ. ಅವರ ಉತ್ತರವನ್ನು ನಿಮ್ಮ ಕಾಗದದ 1, 2, 3ರ ಪಕ್ಕದಲ್ಲಿ ಬರೆದುಕೊಳ್ಳಿ.