ಹೆಪ್ಪೋ, ಗಡ್ಡೆಯೋ? ಪಿಕ್ಸೆಲ್ ಒಂದೇ, ಕಾಯಿಲೆ ಎರಡು

ಇಮೇಜ್ ಪ್ರೊಸೆಸಿಂಗ್ ಲ್ಯಾಬ್‌ನಲ್ಲಿ ನಮಗೆ ಮೊದಮೊದಲು ಹೇಳಿಕೊಡೋದು ಥ್ರೆಶೋಲ್ಡಿಂಗ್. ಇಂತಿಷ್ಟು ಬೆಲೆಗಿಂತ ಮೇಲಿದ್ದರೆ ಬಿಳಿ, ಕೆಳಗಿದ್ದರೆ ಕಪ್ಪು. ಆದರೆ ಎರಡು ಬೇರೆ ವಸ್ತುಗಳಿಗೆ ಒಂದೇ ಬೆಲೆ ಬಂದರೆ? ಲ್ಯಾಬ್‌ನಲ್ಲಿ ಒಂದೆರಡು ಮಾರ್ಕ್ಸ್ ಹೋಗುತ್ತೆ, ಅಷ್ಟೇ. ಆಸ್ಪತ್ರೆಯಲ್ಲಿ ಹೋಗೋದು ರೋಗಿಯ ಆಯುಷ್ಯ.

ಮೊದಲು ಸಿಟಿ ಸ್ಕ್ಯಾನ್ ಏನನ್ನು ಅಳೆಯುತ್ತೆ ನೋಡೋಣ. ಎಕ್ಸ್‌ರೇ ದೇಹದೊಳಗೆ ಹೋಗುವಾಗ ಎಲ್ಲಿ ಎಷ್ಟು ಕ್ಷೀಣಿಸಿತು ಅನ್ನೋದನ್ನು ಮಾತ್ರ. ಆ ಅಳತೆಯ ಮಾನ ಹೌನ್ಸ್‌ಫೀಲ್ಡ್ ಯೂನಿಟ್: ನೀರಿಗೆ 0, ಗಾಳಿಗೆ -1000. ಸಿಟಿಗಾಗಿ 1979ರ ನೊಬೆಲ್ ಪಡೆದ ಇಬ್ಬರಲ್ಲಿ ಒಬ್ಬರಾದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಒಬ್ಬ ಎಂಜಿನಿಯರ್, ನಮ್ಮವರೇ!

ಉಸಿರಾಟದ ತೊಂದರೆ, ಎದೆನೋವು ಅಂತ ಬಂದವರ ಶ್ವಾಸಕೋಶದ ರಕ್ತನಾಳ ನೋಡಲು ಅಯೋಡಿನ್ ಇರುವ ದ್ರವವನ್ನು ರಕ್ತಕ್ಕೆ ಬಿಟ್ಟು ಸ್ಕ್ಯಾನ್ ಮಾಡುತ್ತಾರೆ. ಹರಿಯುವ ರಕ್ತ ಬೆಳ್ಳಗೆ ಕಾಣುತ್ತೆ. ನಡುವೆ ಬೂದು ಕಲೆ ಕಂಡರೆ ಅಲ್ಲಿ ಏನೋ ಅಡ್ಡ ಕೂತಿದೆ ಅಂತ ಅರ್ಥ. ಬಹುಪಾಲು ಅದು ಕಾಲಿನ ರಕ್ತನಾಳದಿಂದ ಕಿತ್ತು ಬಂದ ರಕ್ತದ ಹೆಪ್ಪು, ಅಂದರೆ ಕ್ಲಾಟ್. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಶುರುವಾಗುತ್ತೆ.

ಅಪರೂಪಕ್ಕೆ ಅದು ಕ್ಲಾಟ್ ಆಗಿರೋದೇ ಇಲ್ಲ. ಶ್ವಾಸಕೋಶದ ಮುಖ್ಯ ಅಪಧಮನಿಯ ಒಳಪದರದಿಂದಲೇ ಹುಟ್ಟುವ ಕ್ಯಾನ್ಸರ್ ಒಂದಿದೆ: ಪಲ್ಮನರಿ ಆರ್ಟರಿ ಸಾರ್ಕೋಮಾ. ಇದನ್ನು ಮೊದಲು ವರದಿ ಮಾಡಿದ್ದು 1923ರಲ್ಲಿ, ಅದೂ ಶವಪರೀಕ್ಷೆಯಲ್ಲಿ. ಲಕ್ಷಣ ಅದೇ, ಬೂದು ಕಲೆಯೂ ಅದೇ. ಔಷಧಿ ನಡೆಯುತ್ತಲೇ ಇರುತ್ತೆ, ಗಡ್ಡೆ ಬೆಳೆಯುತ್ತಲೇ ಇರುತ್ತೆ. ಆಪರೇಷನ್ ಮಾಡಬಹುದಾಗಿದ್ದ ಸಮಯ ಹೀಗೇ ಕೈತಪ್ಪುತ್ತೆ.

ಹಾಗಾದರೆ ಗುರುತಿಸೋದು ಹೇಗೆ? ಒಂದು ಪಿಕ್ಸೆಲ್‌ನ ಬೆಲೆಯಿಂದ ಆಗಲ್ಲ, ಬೇರೆ ಮಾಹಿತಿ ಸೇರಿಸಬೇಕು.

ಆಕಾರ: ಕ್ಲಾಟ್ ಸಾಮಾನ್ಯವಾಗಿ ಎರಡೂ ಕಡೆಯ ಕವಲುಗಳಲ್ಲಿ ಚದುರಿರುತ್ತೆ. ಸಾರ್ಕೋಮಾ ಹೆಚ್ಚಾಗಿ ಮುಖ್ಯ ನಾಳದಲ್ಲೇ ಅಗಲಕ್ಕೂ ತುಂಬಿಕೊಂಡು ಅದನ್ನು ಉಬ್ಬಿಸುತ್ತೆ. ಕೆಲವೊಮ್ಮೆ ಗೋಡೆ ದಾಟಿ ಹೊರಗೂ ಬರುತ್ತೆ.

ಕಾಲ: ಔಷಧಿ ಸರಿಯಾಗಿ ತೆಗೆದುಕೊಂಡರೂ ಕಲೆ ಕರಗದೆ ದೊಡ್ಡದಾದರೆ ಅನುಮಾನ ಬರಲೇಬೇಕು. ಹಳೆಯ ಕ್ಲಾಟ್ ಕೂಡ ಕರಗದೆ ಉಳಿಯಬಹುದು, ಹಾಗಾಗಿ ಇದೊಂದೇ ಸಾಕ್ಷಿ ಸಾಲದು.

ಇನ್ನೊಂದು ಸೆನ್ಸರ್: ಗಡ್ಡೆ ಜೀವಂತ ಅಂಗಾಂಶ, ಅದಕ್ಕೆ ರಕ್ತ ಬೇಕು, ಗ್ಲೂಕೋಸ್ ಬೇಕು. ಗ್ಯಾಡೋಲಿನಿಯಂ ಕೊಟ್ಟು ಎಂಆರ್‌ಐ ಮಾಡಿದರೆ ಗಡ್ಡೆ ಸಾಮಾನ್ಯವಾಗಿ ಹೊಳೆಯುತ್ತೆ, ಕ್ಲಾಟ್ ಹೊಳೆಯಲ್ಲ. ಪೆಟ್ ಸ್ಕ್ಯಾನ್‌ನಲ್ಲಿ ಫ್ಲೋರಿನ್-18 ಸೇರಿಸಿದ ಗ್ಲೂಕೋಸನ್ನು ಗಡ್ಡೆ ಹೆಚ್ಚಾಗಿ ಹೀರುತ್ತೆ, ಕ್ಲಾಟ್ ಕಡಿಮೆ. ಇಲ್ಲೂ ಅಪವಾದಗಳಿವೆ.

ಇಂಥದೇ ಇನ್ನೊಂದು ವೇಷಧಾರಿ ಎಪಿಥೆಲಿಯಾಯ್ಡ್ ಹೆಮಾಂಜಿಯೋಎಂಡೋಥೀಲಿಯೋಮಾ. (ಹೆಸರು ಒಂದೇ ಉಸಿರಿಗೆ ಹೇಳಿದವರಿಗೆ ಕ್ಯಾಂಟೀನ್‌ನಲ್ಲಿ ಟೀ ನನ್ನ ಲೆಕ್ಕ.) ಇದೂ ರಕ್ತನಾಳದ ಒಳಪದರದ ಕೋಶಗಳ ಗಡ್ಡೆ. ಸಿಟಿಯಲ್ಲಿ ಹೆಚ್ಚಾಗಿ ಎರಡೂ ಶ್ವಾಸಕೋಶಗಳಲ್ಲಿ ಸಣ್ಣ ಸಣ್ಣ ಗಂಟುಗಳಾಗಿ ಕಾಣುತ್ತೆ. ಬೇರೆಡೆಯಿಂದ ಹರಡಿದ ಕ್ಯಾನ್ಸರೂ, ಕ್ಷಯವೂ ಹೀಗೇ ಕಾಣಬಹುದು. ಇಲ್ಲಿ ತೀರ್ಪು ಕೊಡೋದು ಚಿತ್ರವಲ್ಲ, ಬಯಾಪ್ಸಿ. ತೆಗೆದ ಚೂರು ಸಿಡಿ31, ಇಆರ್‌ಜಿ ಎಂಬ ಪ್ರೋಟೀನುಗಳ ಪರೀಕ್ಷೆಯಲ್ಲಿ ಬಣ್ಣ ಹಿಡಿದರೆ ಮೂಲ ರಕ್ತನಾಳ ಅಂತ ಸುಳಿವು ಸಿಗುತ್ತೆ. ಬಹುಪಾಲು ರೋಗಿಗಳಲ್ಲಿ ಎರಡು ಜೀನ್‌ಗಳು ಬೆಸೆದುಕೊಂಡಿರುತ್ತವೆ. ಅದು ಸಿಕ್ಕರೆ ರೋಗದ ಹೆಸರು ಗಟ್ಟಿಯಾಗುತ್ತೆ.

ಈಗ ನಮ್ಮ ಪಾಠಕ್ಕೆ ಬರೋಣ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಕ್ಲಾಟ್ ಹುಡುಕುವ ಮಾಡೆಲ್ ಮಾಡಿದ್ದೀರಿ ಅಂದುಕೊಳ್ಳಿ. ಕಲೆ ಇರುವ 10,000 ಸ್ಕ್ಯಾನ್‌ಗಳಲ್ಲಿ ಒಂದೇ ಒಂದು ಸಾರ್ಕೋಮಾ ಇದೆ ಅಂತಿಟ್ಟುಕೊಳ್ಳೋಣ. ಕಣ್ಣು ಮುಚ್ಚಿ ಎಲ್ಲಕ್ಕೂ ‘ಕ್ಲಾಟ್’ ಅಂದರೂ ಅಕ್ಯುರಸಿ 99.99%! ಪಿಪಿಟಿಯಲ್ಲಿ ಚೆನ್ನಾಗೇ ಕಾಣುತ್ತೆ. ಆದರೆ ಸಾರ್ಕೋಮಾದ ಮಟ್ಟಿಗೆ ರಿಕಾಲ್ ಸೊನ್ನೆ. ತಪ್ಪಿಹೋದ ಆ ಒಂದು ಸ್ಕ್ಯಾನ್ ಯಾರದೋ ಅಮ್ಮನದು, ಯಾರದೋ ಅಣ್ಣನದು.

ಆದ್ದರಿಂದ ಮಾಡೆಲ್‌ಗೆ ಮೂರನೇ ಉತ್ತರವೊಂದನ್ನೂ ಕಲಿಸಿ: ‘ಇದು ಮಾಮೂಲಿನಂತಿಲ್ಲ, ಡಾಕ್ಟರೇ, ಇನ್ನೊಮ್ಮೆ ನೋಡಿ.’ ಹಳೆಯ ಸ್ಕ್ಯಾನ್ ಜೊತೆ ಹೋಲಿಸಲು ಕಲಿಸಿ. ಚಿತ್ರ ತೋರಿಸೋದು ಜಾಗ. ಹೆಸರಿಡಲು ಇನ್ನೂ ಒಂದೆರಡು ಸಾಕ್ಷಿ ಬೇಕು.